ವೈದ್ಯಕೀಯ ಇತಿಹಾಸದ ಪ್ರಬಂಧ ಮಂಡನೆ: ವೈದ್ಯರೂ ಇತಿಹಾಸಕಾರರೂ ಒಟ್ಟಿಗೆ ಕೂತ ಸಭೆಯಲ್ಲಿ 20 ನಿಮಿಷ

ಜ್ವರಚರಿತೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. 1870ರ ದಶಕದ ಒಂದು ಆಸ್ಪತ್ರೆಯ ಒಳರೋಗಿಗಳ ರಿಜಿಸ್ಟರುಗಳೇ ನನ್ನ ಮುಖ್ಯ ಆಕರ. ಅವುಗಳಲ್ಲಿ ‘ಜ್ವರ’ದ ಹೆಸರಿನಲ್ಲಿ ದಾಖಲಾದವರು ಯಾರು, ಅವರನ್ನು ಯಾವ ಯಾವ ಬಗೆಯ ಜ್ವರಗಳಾಗಿ ವಿಂಗಡಿಸಿದರು, ಆಸ್ಪತ್ರೆ ಬಿಡುವಾಗ ಅವರ ಸ್ಥಿತಿಯನ್ನು ಏನೆಂದು ಬರೆದರು ಎಂಬುದು ನನ್ನ ಮಹಾಪ್ರಬಂಧದ ಒಂದು ಅಧ್ಯಾಯ. ವೈದ್ಯಕೀಯ ಇತಿಹಾಸದ ಸಮ್ಮೇಳನವೊಂದಕ್ಕೆ ಈ ಅಧ್ಯಾಯದ ಸಾರಲೇಖವನ್ನು ಕಳುಹಿಸಿದ್ದೆ, ಅದು ಸ್ವೀಕೃತವಾಗಿದೆ. ಮಂಡನೆಗೆ 20 ನಿಮಿಷ, ಪ್ರಶ್ನೋತ್ತರಕ್ಕೆ 10 ನಿಮಿಷ.

ನನ್ನ ಗೋಷ್ಠಿಯಲ್ಲಿ ಮಾತನಾಡಲಿರುವ ಉಳಿದಿಬ್ಬರೂ ವೃತ್ತಿನಿರತ ವೈದ್ಯರು. ಸಭಿಕರಲ್ಲಿಯೂ ಸುಮಾರು ಅರ್ಧದಷ್ಟು ಜನ ವೈದ್ಯರೇ ಇರುತ್ತಾರೆಂದು ಸಂಘಟಕರು ತಿಳಿಸಿದ್ದಾರೆ. ಇತಿಹಾಸದವರ ಮುಂದೆ ಮಾತನಾಡಿ ನನಗೆ ಅಷ್ಟಿಷ್ಟು ಅಭ್ಯಾಸವಿದೆ. ಇಂತಹ ಮಿಶ್ರ ಸಭೆ ಹೊಸದು. ಒಂದು ಇಡೀ ಅಧ್ಯಾಯವನ್ನು 20 ನಿಮಿಷಕ್ಕೆ ಇಳಿಸುವುದು ಹೇಗೆ? ‘ಅದು ನಿಜವಾಗಿ ಯಾವ ಕಾಯಿಲೆ?’ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ, ಅದಕ್ಕೆ ಏನು ಹೇಳಬೇಕು? ರಿಜಿಸ್ಟರಿನ ಪುಟಗಳಲ್ಲಿ ರೋಗಿಗಳ ಹೆಸರುಗಳಿವೆ, ಅವನ್ನು ತೆರೆಯ ಮೇಲೆ ತೋರಿಸಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಅಡಿಟಿಪ್ಪಣಿ

ಅಭಿನಂದನೆಗಳು. ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಕಟುವಾಗಿ ಕೇಳಿಸಬಹುದು: ಅಧ್ಯಾಯವನ್ನು ಇಳಿಸುವ ಪ್ರಯತ್ನವನ್ನೇ ಬಿಟ್ಟುಬಿಡಿ. ಅಧ್ಯಾಯವನ್ನು ಸಂಕ್ಷೇಪಿಸಿದ ಪ್ರಬಂಧಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಮೊದಲ ಏಳೆಂಟು ನಿಮಿಷ ಪೂರ್ವಸೂರಿಗಳು ಏನು ಹೇಳಿದ್ದಾರೆಂಬ ಪಟ್ಟಿಗೆ ಹೋಗುತ್ತದೆ, ಮುಂದಿನ ಐದು ನಿಮಿಷ ಆ ಕಾಲದ ಹಿನ್ನೆಲೆಗೆ ಹೋಗುತ್ತದೆ, ತಾವು ಸ್ವತಃ ಪತ್ರಾಗಾರದಲ್ಲಿ ಕಂಡದ್ದನ್ನು ಹೇಳಬೇಕಾದ ಹೊತ್ತಿಗೆ ಅಧ್ಯಕ್ಷರು ಚೀಟಿ ಕಳುಹಿಸುತ್ತಾರೆ.

ಒಂದು ಮಂಡನೆಗೆ ಒಂದೇ ಪ್ರಶ್ನೆ ಸಾಕು. ಆ ಪ್ರಶ್ನೆಯನ್ನು ಹೊತ್ತು ನಿಲ್ಲಬಲ್ಲ ಒಂದು ದಾಖಲೆ ಇರಬೇಕು. ಒಂದು ಉದಾಹರಣೆ ಕೊಡುತ್ತೇನೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಹಾಫ್ಕಿನ್ ಎಂಬ ವಿಜ್ಞಾನಿ ರೂಪಿಸಿದ ಪ್ಲೇಗ್ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಬಾಟಲಿಯ ಗುರುತು 53ಎನ್. ಆ ದುರಂತದ ಹೊಣೆಯನ್ನು ತಮ್ಮ ಮೇಲೆ ಹೊರಿಸಿದ್ದರಿಂದ ಹಾಫ್ಕಿನ್ ಹುದ್ದೆ ಕಳೆದುಕೊಂಡರು, 1907ರಲ್ಲಿ ದೋಷಮುಕ್ತರಾದರು. ‘ವಸಾಹತು ಕಾಲದ ಲಸಿಕಾ ನೀತಿ’ ಎಂಬ ವಿಷಯ ಹಿಡಿದು ಹೊರಟವರು 20 ನಿಮಿಷದಲ್ಲಿ ಪೀಠಿಕೆಯನ್ನೂ ಮುಗಿಸಲಾರರು. ಅದೇ ‘ಬಾಟಲಿ ಮಲಿನವಾದದ್ದು ಪ್ರಯೋಗಾಲಯದಲ್ಲೋ ಹಳ್ಳಿಯಲ್ಲೋ ಎಂಬುದನ್ನು ವಿಚಾರಣಾ ಆಯೋಗ ಯಾವ ಸಾಕ್ಷ್ಯದ ಮೇಲೆ ತೀರ್ಮಾನಿಸಿತು?’ ಎಂದು ಕೇಳಿದವರಿಗೆ 20 ನಿಮಿಷ ಸರಿಯಾಗಿ ಸಾಲುತ್ತದೆ. ಲಸಿಕಾ ನೀತಿ, ಜನರ ಅಪನಂಬಿಕೆ, ಕ್ರಿಮಿನಾಶನದ ವಿಧಾನ, ಅಧಿಕಾರಿಗಳ ಜಗಳ ಎಲ್ಲವೂ ಆ ಬಾಟಲಿಯ ಸುತ್ತಲೇ ಬರುತ್ತವೆ. ಅವನ್ನು ಬೇರೆಯಾಗಿ ಕರೆತರಬೇಕಾಗಿಲ್ಲ.

ನಿಮ್ಮ ರಿಜಿಸ್ಟರುಗಳಲ್ಲಿ ಅಂತಹ ‘ಬಾಟಲಿ’ ಯಾವುದು ಎಂಬುದನ್ನು ಮೊದಲು ಹುಡುಕಿ. ಪುಟ ತಿರುವುವಾಗ ನಿಮ್ಮ ಕೈ ತಡೆದ ಒಂದು ಜಾಗ ಇದ್ದೇ ಇರುತ್ತದೆ.

ನಾಡಿಮಿಡಿತ

ನಾನು ವೈದ್ಯ, ಇತಿಹಾಸ ನನಗೆ ಹವ್ಯಾಸವಾಗಿ ಆರಂಭವಾಗಿ ಈಗ ಅದಕ್ಕಿಂತ ಹೆಚ್ಚಿನದಾಗಿದೆ. ಎರಡನೆಯ ಪ್ರಶ್ನೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಆ ಪ್ರಶ್ನೆ ಕೇಳುವವರಲ್ಲಿ ನಾನೂ ಒಬ್ಬ.

‘ಅದು ನಿಜವಾಗಿ ಯಾವ ಕಾಯಿಲೆ?’ ಎಂದು ಕೇಳುವುದನ್ನು ಇತಿಹಾಸದ ಮಿತ್ರರು ಅಜ್ಞಾನವೆಂದು ಭಾವಿಸುತ್ತಾರೆ. ಹಾಗಲ್ಲ. ‘ಬಿಟ್ಟು ಬಿಟ್ಟು ಬರುವ ಜ್ವರ’ ಎಂಬ ನಮೂದನ್ನು ತೆರೆಯ ಮೇಲೆ ಕಂಡ ಕೂಡಲೇ ಸಭೆಯಲ್ಲಿರುವ ಪ್ರತಿಯೊಬ್ಬ ವೈದ್ಯನ ಮನಸ್ಸೂ ಮಲೇರಿಯಾ ಎಂದುಕೊಂಡಿರುತ್ತದೆ. ಅದು ವೃತ್ತಿಯ ರೂಢಿ, ಅದನ್ನು ತಡೆಯಲಾಗದು. ನೀವು ಅದರ ಬಗ್ಗೆ ಮಾತೇ ಆಡದಿದ್ದರೆ ನಾವು ನಮ್ಮ ಊಹೆಯನ್ನು ಸತ್ಯವೆಂದುಕೊಂಡೇ ಉಳಿದ ಮಂಡನೆಯನ್ನು ಕೇಳುತ್ತೇವೆ. ಆದ್ದರಿಂದ ಪ್ರಶ್ನೋತ್ತರದವರೆಗೆ ಕಾಯಬೇಡಿ. ಮೂರನೆಯ ಅಥವಾ ನಾಲ್ಕನೆಯ ನಿಮಿಷದಲ್ಲಿಯೇ ಅದನ್ನು ಎತ್ತಿಕೊಳ್ಳಿ.

ಜೊತೆಗೆ ಇನ್ನೊಂದು ಮಾತು. ಈಗಿನ ವಿಜ್ಞಾನದಿಂದ ಹಿಂದಿನ ರೋಗವನ್ನು ಗುರುತಿಸುವುದು ಸದಾ ತಪ್ಪು ಎಂಬ ನಿಲುವನ್ನೂ ನಾನು ಒಪ್ಪುವುದಿಲ್ಲ. 14ನೇ ಶತಮಾನದಲ್ಲಿ ಯುರೋಪಿಗೆ ಬಂದ ಮಹಾಮಾರಿ ಪ್ಲೇಗೇ ಹೌದೋ ಅಲ್ಲವೋ ಎಂದು ವಿದ್ವಾಂಸರು ಬಹುಕಾಲ ವಾದಿಸಿದರು. 1348ರಿಂದ 1350ರ ನಡುವೆ ಸತ್ತವರನ್ನು ಹೂಳಿದ್ದ ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್ ಸ್ಮಶಾನದ ಅಸ್ಥಿಗಳಿಂದ ಪ್ಲೇಗ್ ಬ್ಯಾಕ್ಟೀರಿಯಾದ ಜೀನೋಮನ್ನೇ (ಅದರ ಡಿಎನ್‌ಎಯ ಪೂರ್ಣ ವಿನ್ಯಾಸವನ್ನೇ) 2011ರಲ್ಲಿ ಪುನರ್ರಚಿಸಲಾಯಿತು. ಇದನ್ನು ಇತಿಹಾಸಕ್ಕೆ ಸಂಬಂಧವಿಲ್ಲದ ಸಂಗತಿ ಎಂದು ಹೇಳಲಾದೀತೇ?

ಅಡಿಟಿಪ್ಪಣಿ

ನಾಡಿಮಿಡಿತ ಅವರೇ, ಮೂರನೆಯ ನಿಮಿಷದಲ್ಲಿಯೇ ಎತ್ತಿಕೊಳ್ಳಬೇಕು ಎಂಬ ಸಲಹೆ ಅತ್ಯುತ್ತಮವಾದದ್ದು, ಅದನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಉದಾಹರಣೆ ನನ್ನ ಪಕ್ಷಕ್ಕೇ ಸಾಕ್ಷಿ ಹೇಳುತ್ತಿದೆ. ಅಲ್ಲಿ ಹಲ್ಲುಗಳಿದ್ದವು, ಹಲ್ಲಿನೊಳಗೆ ಡಿಎನ್‌ಎ ಇತ್ತು. ರಿಜಿಸ್ಟರಿನಲ್ಲಿರುವುದು ಶಾಯಿ ಮಾತ್ರ.

ಕಾಲಾನುಕ್ರಮವನ್ನೂ ನೋಡಿ. ಫ್ರೆಂಚ್ ವೈದ್ಯ ಲಾವೆರಾನ್ ಮಲೇರಿಯಾ ಪರೋಪಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1880ರ ನವೆಂಬರಿನಲ್ಲಿ. ಟೈಫಾಯಿಡ್‌ಗೆ ವಿಡಾಲ್ ರಕ್ತಪರೀಕ್ಷೆ ಬಂದದ್ದು 1896ರಲ್ಲಿ. 1870ರ ದಶಕದ ವಾರ್ಡಿನಲ್ಲಿ ಇವೆರಡೂ ಇರಲಿಲ್ಲ. ಅಲ್ಲಿನ ವೈದ್ಯರು ಜ್ವರದ ಏರಿಳಿತವನ್ನು, ಚಳಿಯನ್ನು, ನಾಲಿಗೆಯನ್ನು, ಮಲವನ್ನು ನೋಡಿ ವಿಂಗಡಿಸುತ್ತಿದ್ದರು. ಆ ವಿಂಗಡಣೆಗೆ ಅದರದೇ ಆದ ತರ್ಕವಿತ್ತು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 1869ರಲ್ಲಿ ರೋಗನಾಮಗಳ ಅಧಿಕೃತ ಪಟ್ಟಿಯೊಂದನ್ನು ಪ್ರಕಟಿಸಿತ್ತು. ಜ್ವರಚರಿತೆ ಅವರು ತಮ್ಮ ರಿಜಿಸ್ಟರಿನ ಹೆಸರುಗಳು ಆ ಪಟ್ಟಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ, ಎಲ್ಲಿ ಗುಮಾಸ್ತರೋ ವೈದ್ಯರೋ ಪಟ್ಟಿಯನ್ನು ಬದಿಗಿಟ್ಟು ಹಳೆಯ ಹೆಸರನ್ನೇ ಬರೆದಿದ್ದಾರೆ ಎಂದು ತೋರಿಸಿದರೆ, ಅದು ‘ಇದು ಮಲೇರಿಯಾ ಇರಬಹುದು’ ಎಂಬ ಊಹೆಗಿಂತ ಗಟ್ಟಿಯಾದ ಫಲಿತಾಂಶ.

ಸಭೆಯಲ್ಲಿ ಹೇಳುವ ಮಾತು ಹೀಗಿರಬಹುದು: ‘ಈ ನಮೂದುಗಳಲ್ಲಿ ಕೆಲವು ನಾವಿಂದು ಮಲೇರಿಯಾ ಎನ್ನುವ ರೋಗದವಾಗಿರಬಹುದು, ಕೆಲವು ಖಂಡಿತ ಅಲ್ಲ, ಬೇರ್ಪಡಿಸುವ ಉಪಾಯ ಈ ಆಕರದಲ್ಲಿಲ್ಲ. ಆದ್ದರಿಂದ ಅಂದಿನ ವೈದ್ಯರು ಹೇಗೆ ಬೇರ್ಪಡಿಸಿದರು ಎಂಬುದನ್ನು ಕೇಳುತ್ತಿದ್ದೇನೆ.’ ಅರ್ಧ ನಿಮಿಷದ ಮಾತು. ಇಷ್ಟು ಹೇಳಿದರೆ ಯಾವ ವೈದ್ಯರೂ ಮುನಿಸಿಕೊಳ್ಳುವುದಿಲ್ಲ.

ನಾಡಿಮಿಡಿತ

ಮುನಿಸಿಕೊಳ್ಳುವುದಿಲ್ಲ, ಆದರೆ ಒಬ್ಬರಾದರೂ ಕೈಯೆತ್ತಿ ‘ಕ್ವಿನೈನ್ ಕೊಟ್ಟಾಗ ಜ್ವರ ಇಳಿಯಿತೇ?’ ಎಂದು ಕೇಳುತ್ತಾರೆ, ಅದು ಮಲೇರಿಯಾದ ಔಷಧವಾದ್ದರಿಂದ. ರಿಜಿಸ್ಟರಿನಲ್ಲಿ ಚಿಕಿತ್ಸೆಯ ಅಂಕಣವಿದ್ದರೆ ಅದನ್ನು ಓದಿಟ್ಟುಕೊಂಡೇ ಹೋಗಬೇಕು. ಅಂಕಣವಿಲ್ಲದಿದ್ದರೆ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಈ ವಿಷಯದಲ್ಲಿ ನಮ್ಮಿಬ್ಬರ ಭಿನ್ನಾಭಿಪ್ರಾಯ ಇಲ್ಲಿ ಬಗೆಹರಿಯುವಂಥದ್ದಲ್ಲ. ಮುಂದಿನವರಿಗೆ ದಾರಿ ಬಿಡುತ್ತೇನೆ.

ಕಡತಕಾವಲು

ನಾನು ಪತ್ರಾಗಾರದ ಕೆಲಸದಲ್ಲಿರುವುದರಿಂದ ಮೂರನೆಯ ಪ್ರಶ್ನೆ ನನ್ನ ಪಾಲಿನದು.

ಮೊದಲು ನಿಯಮ. ರೋಗಿಗಳ ದಾಖಲೆಗಳನ್ನು ಎಷ್ಟು ವರ್ಷ ಮುಚ್ಚಿಡಬೇಕೆಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನ ಪತ್ರಾಗಾರಗಳಲ್ಲಿ ರೋಗಿಯನ್ನು ಗುರುತಿಸಬಹುದಾದ ದಾಖಲೆಗಳಿಗೆ 100 ವರ್ಷಗಳ ಮುಚ್ಚುಗಡೆ ಸಾಮಾನ್ಯ. ಅಮೆರಿಕದ ಆರೋಗ್ಯ ಗೋಪ್ಯತಾ ನಿಯಮದ ರಕ್ಷಣೆ ವ್ಯಕ್ತಿ ಸತ್ತು 50 ವರ್ಷಗಳವರೆಗೆ ಇರುತ್ತದೆ. 1870ರ ದಶಕದ ರಿಜಿಸ್ಟರು ಈ ಎರಡೂ ಗಡಿಗಳನ್ನು ದಾಟಿದೆ. ಆದರೆ ಕಾನೂನು ಬಿಟ್ಟುಕೊಟ್ಟಿತೆಂದ ಮಾತ್ರಕ್ಕೆ ಹೆಸರನ್ನು ತೋರಿಸಲೇಬೇಕೆಂದಿಲ್ಲ. ಮನೋರೋಗ, ಲೈಂಗಿಕ ರೋಗ, ಕುಷ್ಠ, ಗರ್ಭಪಾತ ಇಂತಹ ನಮೂದುಗಳ ಪಕ್ಕದಲ್ಲಿರುವ ಹೆಸರು, ಊರು, ಮನೆತನ ಇವತ್ತಿಗೂ ಬದುಕಿರುವವರಿಗೆ ಮುಟ್ಟಬಹುದು. ನಿಮ್ಮ ವಾದಕ್ಕೆ ಆ ಹೆಸರು ಬೇಕೇ ಎಂಬುದೇ ಪರೀಕ್ಷೆ. ಬೇಡವಾದರೆ ಆ ಅಂಕಣವನ್ನು ಮುಚ್ಚಿ, ಮುಚ್ಚಿದ್ದೀರೆಂಬುದನ್ನು ಸ್ಲೈಡಿನ ಕೆಳಗೆ ಬರೆಯಿರಿ. ಕೆಲವು ಸಂಶೋಧಕರು ಇದಕ್ಕೆ ವಿರುದ್ಧವಾಗಿ ವಾದಿಸುತ್ತಾರೆ: ಬಡ ರೋಗಿಗಳ ಹೆಸರನ್ನು ಅಳಿಸಿದರೆ ಅವರು ಇತಿಹಾಸದಲ್ಲಿ ಮತ್ತೊಮ್ಮೆ ಅನಾಮಿಕರಾಗುತ್ತಾರೆ ಎಂದು. ಆ ವಾದದಲ್ಲಿ ಹುರುಳಿದೆ. ಆದರೆ ಹಾಗೆ ಹೆಸರಿಸುವವರು ಆ ವ್ಯಕ್ತಿಯ ಬದುಕಿನ ಬಗ್ಗೆ ಏನಾದರೂ ಹೇಳಬೇಕು; ಕೋಷ್ಟಕದ ಅಲಂಕಾರಕ್ಕೆ ಹೆಸರು ಉಳಿಯಬಾರದು.

ಮುಖ್ಯವಾಗಿ ಗಮನಿಸಬೇಕಾದದ್ದು ಚಿತ್ರಗಳನ್ನು. ಹಿಂದಿನ ವೈದ್ಯಕೀಯ ಛಾಯಾಚಿತ್ರಗಳಲ್ಲಿ ಬಟ್ಟೆ ಬಿಚ್ಚಿ ನಿಲ್ಲಿಸಿದ ರೋಗಿಗಳಿರುತ್ತಾರೆ, ಅವರಲ್ಲಿ ಬಹುತೇಕರನ್ನು ಯಾರೂ ಒಪ್ಪಿಗೆ ಕೇಳಿರಲಾರರು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಆ ಅವಮಾನ ಕಡಿಮೆಯಾಗುವುದಿಲ್ಲ. ಲಂಡನ್ನಿನ ಹಂಟೇರಿಯನ್ ವಸ್ತುಸಂಗ್ರಹಾಲಯದಲ್ಲಿ ಚಾರ್ಲ್ಸ್ ಬರ್ನ್ ಎಂಬ ಅಸಾಧಾರಣ ಎತ್ತರದ ವ್ಯಕ್ತಿಯ ಅಸ್ಥಿಪಂಜರ ಬಹುಕಾಲ ಪ್ರದರ್ಶನದಲ್ಲಿತ್ತು. 1783ರಲ್ಲಿ ಸಾಯುವ ಮೊದಲು ತನ್ನ ದೇಹ ಅಂಗರಚನಾ ತಜ್ಞರ ಕೈಸೇರಬಾರದೆಂದು, ಸಮುದ್ರದಲ್ಲಿ ಹೂಳಬೇಕೆಂದು ಆತ ಬಯಸಿದ್ದ. 2023ರಲ್ಲಿ ಸಂಗ್ರಹಾಲಯ ಮತ್ತೆ ತೆರೆದಾಗ ಅದನ್ನು ಪ್ರದರ್ಶನದಿಂದ ತೆಗೆಯಲಾಗಿತ್ತು. ಸಂಗ್ರಹಾಲಯವೇ ತೋರಿಸದಿರಲು ನಿರ್ಧರಿಸಿದ್ದನ್ನು ನಾವು ಹಳೆಯ ಫೋಟೋ ಹುಡುಕಿ ಸ್ಲೈಡಿಗೆ ಅಂಟಿಸುವುದು ಎಷ್ಟು ಸರಿ? ಮಂಡನೆ ನೇರಪ್ರಸಾರವಾಗುವುದಾದರೆ ಇನ್ನೂ ಎಚ್ಚರ ಬೇಕು, ಸಭಾಂಗಣದೊಳಗಿನ ಒಪ್ಪಂದ ಹೊರಗಿನವರಿಗೆ ತಿಳಿದಿರುವುದಿಲ್ಲ.

ಹಕ್ಕುಸ್ವಾಮ್ಯದ ಬಗ್ಗೆ ಒಂದು ಮಾತು: ವೈದ್ಯಕೀಯ ಇತಿಹಾಸಕ್ಕೆ ಹೆಸರಾದ ಲಂಡನ್ನಿನ ವೆಲ್‌ಕಮ್ ಸಂಗ್ರಹ 2014ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಐತಿಹಾಸಿಕ ಚಿತ್ರಗಳನ್ನು ಮುಕ್ತವಾಗಿ ಕೊಟ್ಟಿತು. ಆದರೂ ಪ್ರತಿ ಚಿತ್ರದ ಕೆಳಗಿರುವ ಪರವಾನಗಿಯನ್ನು ಓದಿಯೇ ಬಳಸಿ. ಪತ್ರಾಗಾರದಲ್ಲಿ ನೀವೇ ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೆ ಸಾಮಾನ್ಯವಾಗಿ ‘ಸ್ವಂತ ಅಧ್ಯಯನಕ್ಕೆ ಮಾತ್ರ’ ಎಂಬ ಷರತ್ತು ಇರುತ್ತದೆ. ಸಭೆಯಲ್ಲಿ ತೋರಿಸಲು ಬೇರೆ ಅನುಮತಿ ಬೇಕಾಗಬಹುದು.

ಜ್ವರಚರಿತೆ

ಎಲ್ಲರಿಗೂ ಧನ್ಯವಾದಗಳು. ಅಡಿಟಿಪ್ಪಣಿ ಅವರು ಹೇಳಿದ ‘ಕೈ ತಡೆದ ಜಾಗ’ ನನಗೆ ತಕ್ಷಣ ನೆನಪಾಯಿತು.

ರಿಜಿಸ್ಟರಿನ ಕೊನೆಯ ಅಂಕಣ ‘ಫಲಿತಾಂಶ’. ಅದರಲ್ಲಿ ನಾಲ್ಕು ಬಗೆಯ ನಮೂದುಗಳಿವೆ: ಗುಣಮುಖ, ಉಪಶಮನ (ರೋಗ ತಗ್ಗಿದೆ, ಪೂರ್ತಿ ಹೋಗಿಲ್ಲ), ಮರಣ, ಹೇಳದೆ ಹೋದವರು. ಕೆಲವು ಪುಟಗಳಲ್ಲಿ ‘ಗುಣಮುಖ’ ಎಂದು ಬರೆದದ್ದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಅದರ ಮೇಲೆ ‘ಉಪಶಮನ’ ಎಂದು ಬರೆಯಲಾಗಿದೆ. ಮೇಲಿನ ಬರಹದ ಶಾಯಿ ಬೇರೆ, ನಿಬ್ಬು ತೆಳು. ಅಕ್ಷರದ ವರಸೆಯೂ ಬೇರೆಯವರದೆಂದು ತೋರುತ್ತದೆ. ಇಂತಹ ತಿದ್ದುಪಡಿಗಳು ಜ್ವರದ ರೋಗಿಗಳಲ್ಲಿಯೇ ಹೆಚ್ಚಾಗಿ ಕಾಣುತ್ತವೆ. ಮೂಳೆ ಮುರಿತ, ಗಾಯ ಇವುಗಳ ಸಾಲುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಧ್ಯಾಯದಲ್ಲಿ ಇದನ್ನು ಒಂದು ಅಡಿಟಿಪ್ಪಣಿಯಲ್ಲಿ ಮಾತ್ರ ಹೇಳಿದ್ದೆ. ಜ್ವರ ಮರುಕಳಿಸಿ ರೋಗಿ ವಾಪಸು ಬಂದಾಗ ಹಿಂದಿನ ನಮೂದನ್ನು ತಿದ್ದಿರಬಹುದು ಎಂಬುದು ನನ್ನ ಊಹೆ.

ಅಡಿಟಿಪ್ಪಣಿ

ಇದೇ ನಿಮ್ಮ ಪ್ರಬಂಧ. ಉಳಿದದ್ದೆಲ್ಲ ಇದಕ್ಕೆ ಹಿನ್ನೆಲೆ.

ಆದರೆ ಊಹೆಯನ್ನು ಪರೀಕ್ಷಿಸದೆ ವೇದಿಕೆ ಹತ್ತಬೇಡಿ. ರೋಗಿ ಮರಳಿ ಬಂದದ್ದೇ ಕಾರಣವಾಗಿದ್ದರೆ, ತಿದ್ದಿದ ಪ್ರತಿ ಹೆಸರೂ ಕೆಲವು ವಾರಗಳ ನಂತರದ ಪುಟದಲ್ಲಿ ಮತ್ತೆ ಸಿಗಬೇಕು. ಸಿಗದಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ತಿಂಗಳ ಕೊನೆಗೆ ಮೇಲಧಿಕಾರಿಗಳಿಗೆ ತಃಖ್ತೆ (ಅಂಕಿಅಂಶಗಳ ಪಟ್ಟಿ) ಕಳುಹಿಸುವಾಗ ಮೇಲ್ವಿಚಾರಕರು ನಮೂದುಗಳನ್ನು ಒಟ್ಟಿಗೆ ತಿದ್ದಿರಬಹುದು. ಹಾಗಿದ್ದರೆ ತಿದ್ದುಪಡಿಗಳೆಲ್ಲ ಒಂದೇ ಶಾಯಿಯಲ್ಲಿರುತ್ತವೆ. ಮಾಸಿಕ ತಃಖ್ತೆಗಳು ಉಳಿದಿದ್ದರೆ ಅಲ್ಲಿನ ಅಂಕಿಗಳು ತಿದ್ದುವ ಮೊದಲಿನವೋ ನಂತರದವೋ ಎಂದು ಹೋಲಿಸಿ. ಮೂರನೆಯದೊಂದು ಸಾಧ್ಯತೆಯೂ ಇದೆ: ಹೊಸ ವೈದ್ಯರು ಬಂದು ‘ಗುಣ’ ಎನ್ನಲು ಬೇಕಾದ ಮಾನದಂಡವನ್ನೇ ಬದಲಿಸಿರಬಹುದು. ಇವು ಮೂರರಲ್ಲಿ ಯಾವುದು ನಿಂತರೂ ಒಳ್ಳೆಯ ಪ್ರಬಂಧವೇ. ಯಾವುದೂ ನಿಲ್ಲದಿದ್ದರೆ, ‘ಮೂರು ವಿವರಣೆಗಳನ್ನು ಪರೀಕ್ಷಿಸಿದೆ, ಇಂತಿಂತಹ ಕಾರಣಕ್ಕೆ ಎರಡನ್ನು ಕೈಬಿಟ್ಟೆ, ಮೂರನೆಯದಕ್ಕೆ ಸಾಕ್ಷ್ಯ ಅರೆಬರೆ’ ಎಂದು ಸಭೆಯ ಮುಂದಿಡಿ. ಸಮ್ಮೇಳನವಿರುವುದೇ ಅದಕ್ಕೆ.

ಮೂರನೇ ಸಾಲು

ವಿಷಯದ ಬಗ್ಗೆ ಹಿರಿಯರು ಹೇಳಿದ್ದಾರೆ. ನಾನು ಮಂಡನೆಯ ಕೆಲಸದ ಬಗ್ಗೆ ಬರೆಯುತ್ತೇನೆ, ಸ್ವಲ್ಪ ದೀರ್ಘವಾಗಬಹುದು.

ಇತಿಹಾಸದವರು ಬರೆದು ತಂದದ್ದನ್ನು ಓದುತ್ತಾರೆ, ವೈದ್ಯರು ಸ್ಲೈಡು ನೋಡಿ ಮಾತನಾಡುತ್ತಾರೆ. ಎರಡು ಪಂಗಡದವರೂ ಇನ್ನೊಬ್ಬರದನ್ನು ಕೆಟ್ಟ ಅಭ್ಯಾಸವೆಂದು ತಿಳಿದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದಲ್ಲಿ ಬರೆದುಕೊಂಡು ಹೋಗುವುದೇ ಒಳಿತು, ಏಕೆಂದರೆ ನಮ್ಮ ವಾದ ಪದಗಳ ಆಯ್ಕೆಯ ಮೇಲೆ ನಿಂತಿರುತ್ತದೆ. ‘ಇರಬಹುದು’ ಎಂದು ಬರೆದದ್ದು ಮಾತಿನ ಭರದಲ್ಲಿ ‘ಇತ್ತು’ ಆಗಿಬಿಡುತ್ತದೆ. ಆದರೆ ಓದಲಿಕ್ಕೆಂದೇ ಬರೆಯಬೇಕು. ಮುದ್ರಣಕ್ಕೆ ಬರೆದ ವಾಕ್ಯದಲ್ಲಿ ಕ್ರಿಯಾಪದ ಬರುವಷ್ಟರಲ್ಲಿ ಕೇಳುಗರು ಕರ್ತೃವನ್ನು ಮರೆತಿರುತ್ತಾರೆ. ಕನ್ನಡದಲ್ಲಿ ನಿಧಾನವಾಗಿ ಓದಿದರೆ ನಿಮಿಷಕ್ಕೆ ನೂರು ಪದಗಳ ಆಸುಪಾಸು ಸಾಗುತ್ತದೆ. ಆದ್ದರಿಂದ 20 ನಿಮಿಷಕ್ಕೆ 2,000 ಪದಗಳೆಂದು ಲೆಕ್ಕ ಹಾಕದೆ 1,700ಕ್ಕೆ ನಿಲ್ಲಿಸಿ. ಉಳಿದ ಸಮಯವನ್ನು ಸ್ಲೈಡು ತೋರಿಸುವುದು, ನೀರು ಕುಡಿಯುವುದು, ಕೈಕೊಟ್ಟ ಮೈಕು ಇವು ತಿನ್ನುತ್ತವೆ. ಸಮಯ ಮೀರಿದರೆ ಯಾವ ಪ್ಯಾರಾ ಬಿಡಬೇಕೆಂಬುದನ್ನು ಮೊದಲೇ ಅಂಚಿನಲ್ಲಿ ಗುರುತು ಮಾಡಿಟ್ಟಿರಿ. ವೇಗ ಹೆಚ್ಚಿಸಿ ಓದುವುದು ಮಾತ್ರ ಬೇಡವೇ ಬೇಡ. ಭಾಷಾಂತರಕಾರರು ಇರುವ ಸಮ್ಮೇಳನವಾದರೆ ಅವರಿಗೆ ಹಿಂದಿನ ದಿನವೇ ಪ್ರತಿಯನ್ನೂ, ಹಳೆಯ ರೋಗನಾಮಗಳ ಪಟ್ಟಿಯನ್ನೂ ಕೊಡಬೇಕು.

ಸ್ಲೈಡುಗಳ ವಿಷಯದಲ್ಲಿ ನನ್ನದೊಂದು ಹಟವಿದೆ. ಕಾಲರಾ ಬಗ್ಗೆ ಮಾತನಾಡುವ ಪ್ರತಿಯೊಬ್ಬರೂ ಲಂಡನ್ನಿನ ವೈದ್ಯ ಜಾನ್ ಸ್ನೋ ಅವರ 1854ರ ಬ್ರಾಡ್ ಸ್ಟ್ರೀಟ್ ನಕ್ಷೆಯನ್ನು ತೋರಿಸುತ್ತಾರೆ. ಸ್ನೋ ನಕ್ಷೆ ಬಿಡಿಸಿದರು, ಸಾವುಗಳ ಗುರುತುಗಳು ಆ ಬೀದಿಯ ನೀರಿನ ಪಂಪಿನ ಸುತ್ತ ಸೇರಿದ್ದನ್ನು ಕಂಡರು, ಪಂಪಿನ ಹಿಡಿ ತೆಗೆಸಿದರು, ಕಾಲರಾ ನಿಂತಿತು ಎಂಬ ಕಥೆ ಅದರ ಜೊತೆಗೇ ಬರುತ್ತದೆ. ಹಿಡಿ ತೆಗೆದದ್ದು ಸೆಪ್ಟೆಂಬರ್ 8ರಂದು. ಅಷ್ಟರಲ್ಲಿ ಸಾವುಗಳು ಇಳಿಮುಖವಾಗಿದ್ದವು, ಅದನ್ನು ಸ್ನೋ ಅವರೇ ಬರೆದಿದ್ದಾರೆ. ನಕ್ಷೆಯನ್ನು ಅವರು ಸಿದ್ಧಪಡಿಸಿದ್ದು ಆಮೇಲೆ, ಅದನ್ನು ಮೊದಲು ತೋರಿಸಿದ್ದು ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಎಪಿಡೆಮಿಯಲಾಜಿಕಲ್ ಸೊಸೈಟಿಯ ಸಭೆಯಲ್ಲಿ. ಅಂದರೆ ನಾವು ಸಂಶೋಧನೆಯ ಸಾಧನವೆಂದು ತಿಳಿದಿರುವ ಆ ಚಿತ್ರ ವಾಸ್ತವದಲ್ಲಿ ತಮ್ಮ ವಾದವನ್ನು ಸಭೆಗೆ ಒಪ್ಪಿಸಲು ಮಾಡಿದ ಸ್ಲೈಡು. ಆದ್ದರಿಂದ ಚಿತ್ರವೊಂದನ್ನು ತೆರೆಯ ಮೇಲೆ ಹಾಕಿದರೆ ಅದನ್ನು ಯಾರು, ಯಾವಾಗ, ಯಾರಿಗಾಗಿ ಮಾಡಿದರು ಎಂದು ಹೇಳುವಷ್ಟು ತಿಳಿದಿರಬೇಕು. ಇಲ್ಲದಿದ್ದರೆ ಖಾಲಿ ತೆರೆಯೇ ವಾಸಿ.

ಜ್ವರಚರಿತೆ ಅವರ ತಿದ್ದುಪಡಿಯ ಪುಟಕ್ಕೆ ಎರಡು ಸ್ಲೈಡು ಸಾಕು. ಮೊದಲನೆಯದರಲ್ಲಿ ಇಡೀ ಪುಟ, ಅಂಕಣಗಳ ಅಂದಾಜು ಸಿಗಲೆಂದು. ಎರಡನೆಯದರಲ್ಲಿ ತಿದ್ದಿದ ಒಂದೇ ಸಾಲು, ತೆರೆಯ ಅಗಲಕ್ಕೂ. ಅದರ ಕೆಳಗೆ ಅಚ್ಚಿನ ಅಕ್ಷರದಲ್ಲಿ ಅದೇ ಸಾಲಿನ ಪಾಠ. ಹಳೆಯ ಕೈಬರಹವನ್ನು ಹಿಂದಿನ ಸಾಲಿನವರು ಓದಲಾರರು. ಆ ಸ್ಲೈಡು ಬಂದಾಗ ಹತ್ತು ಸೆಕೆಂಡು ಸುಮ್ಮನಿರಿ, ಜನ ನೋಡಲಿ.

ನಾಡಿಮಿಡಿತ

ಒಂದು ಉಪಯುಕ್ತ ಸೇರ್ಪಡೆ. ಮುಂದೆ ಎಂದಾದರೂ ವೈದ್ಯಕೀಯ ಸಂಘಗಳ ಸಮ್ಮೇಳನದ ಇತಿಹಾಸ ಗೋಷ್ಠಿಗೆ ಕಳುಹಿಸುವುದಾದರೆ, ಅಲ್ಲಿನ ಅರ್ಜಿಯಲ್ಲಿ ‘ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ’ ಎಂಬ ನಾಲ್ಕು ಚೌಕಗಳಿರುತ್ತವೆ. ಇತಿಹಾಸದ ಗೆಳೆಯರು ‘ವಿಧಾನ’ದ ಚೌಕದಲ್ಲಿ ‘ಆಕರಗಳ ವಿಮರ್ಶಾತ್ಮಕ ಓದು’ ಎಂದು ಬರೆದು ತಿರಸ್ಕೃತರಾಗುವುದನ್ನು ಕಂಡಿದ್ದೇನೆ. ಅಲ್ಲಿ ಬರೆಯಬೇಕಾದದ್ದು ಯಾವ ಪತ್ರಾಗಾರ, ಯಾವ ಶ್ರೇಣಿಯ ಕಡತ, ಯಾವ ವರ್ಷದಿಂದ ಯಾವ ವರ್ಷ, ಎಷ್ಟು ನಮೂದುಗಳನ್ನು ಓದಲಾಯಿತು, ಹಾಳಾದ ಅಥವಾ ಕಾಣೆಯಾದ ಪುಟಗಳೆಷ್ಟು ಎಂಬುದು. ಇಷ್ಟು ಬರೆದರೆ ಯಾವ ವೈದ್ಯ ಪರಿಶೀಲಕರಿಗೂ ಅದು ಕಠಿಣ ಸಂಶೋಧನೆಯೆಂದು ಮನವರಿಕೆಯಾಗುತ್ತದೆ. ಅಲ್ಲಿ ಸಮಯ 8 ಅಥವಾ 10 ನಿಮಿಷ ಮಾತ್ರ ಸಿಗಬಹುದು, ಎರಡನೆಯ ಸ್ಲೈಡಿನಲ್ಲಿ ಹಿತಾಸಕ್ತಿ ಸಂಘರ್ಷ ಇಲ್ಲವೆಂದು ಘೋಷಿಸಬೇಕು. ನೂರೈವತ್ತು ವರ್ಷ ಹಿಂದಿನ ಜ್ವರದ ಬಗ್ಗೆ ಮಾತನಾಡುವವರಿಗೆ ಏನು ಹಿತಾಸಕ್ತಿಯೋ ತಿಳಿಯದು, ಆದರೂ ಘೋಷಿಸಬೇಕು.

ಒಂದು ಅನುಮಾನ

ಈ ಚರ್ಚೆಯನ್ನು ಓದುತ್ತಿದ್ದ ಇನ್ನೊಬ್ಬ ಸಂಶೋಧನಾರ್ಥಿ ನಾನು. ಯಾರೂ ಎತ್ತದ ಪ್ರಶ್ನೆಯೊಂದಿದೆ. ಪ್ರಕಟಣೆಗೆ ಮೊದಲೇ ಸಭೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟರೆ, ಕೇಳಿದವರು ಅದೇ ಪತ್ರಾಗಾರಕ್ಕೆ ಹೋಗಿ ನಮಗಿಂತ ಮೊದಲು ಲೇಖನ ಬರೆದುಬಿಡಬಹುದಲ್ಲವೇ? ಒಳ್ಳೆಯ ದಾಖಲೆಯನ್ನು ಮುಚ್ಚಿಟ್ಟುಕೊಂಡು, ಸಮ್ಮೇಳನದಲ್ಲಿ ಎರಡನೆಯ ದರ್ಜೆಯ ವಿಷಯ ಮಾತನಾಡುವುದೇ ಜಾಣತನ ಎಂದು ನನ್ನ ಹಿರಿಯ ಸಹಪಾಠಿಗಳು ಹೇಳುತ್ತಾರೆ.

ಅಡಿಟಿಪ್ಪಣಿ

ಈ ಭಯ ಸಹಜ, ಆದರೆ ವೈದ್ಯಕೀಯದ ಇತಿಹಾಸವೇ ಅದಕ್ಕೆ ಉತ್ತರ ಕೊಡುತ್ತದೆ. ಕ್ರಾಫರ್ಡ್ ಲಾಂಗ್ ಎಂಬ ವೈದ್ಯರು 1842ರ ಮಾರ್ಚಿನಲ್ಲಿಯೇ ಅರಿವಳಿಕೆಯಾಗಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದರು, ಆದರೆ 1849ರವರೆಗೆ ಪ್ರಕಟಿಸಲಿಲ್ಲ. ಅಷ್ಟರಲ್ಲಿ 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯರು ಎಲ್ಲರೆದುರು ಈಥರ್‌ನ ಪ್ರದರ್ಶನ ನೀಡಿ ಹೆಸರು ಪಡೆದಿದ್ದರು. ಮುಚ್ಚಿಟ್ಟುಕೊಂಡವರಿಗೆ ಲಾಭವಾಗಲಿಲ್ಲ. ಹಾಗೆಂದು ಮಾತನಾಡಿದರಷ್ಟೇ ಸಾಲದು. ಸೆಮ್ಮೆಲ್‌ವೈಸ್ ಎಂಬ ವೈದ್ಯರು 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಕ್ಲೋರಿನ್ ನೀರಿನಿಂದ ಕೈತೊಳೆಯುವುದನ್ನು ಕಡ್ಡಾಯ ಮಾಡಿದರು, 1850ರಲ್ಲಿ ಅಲ್ಲಿನ ವೈದ್ಯರ ಸಂಘದ ಮುಂದೆ ಮಾತನಾಡಿದರು, ಆದರೆ ತಮ್ಮ ಪುಸ್ತಕವನ್ನು ಹೊರತಂದದ್ದು 1861ರಲ್ಲಿ. ಆ ಅಂತರದಲ್ಲಿ ಅವರ ವಾದ ಇತರರ ಬಾಯಲ್ಲಿ ತಿರುಚಿಕೊಂಡು ಹರಡಿತ್ತು. ಮಂಡಿಸಿದ ಮೇಲೆ ಲೇಖನವನ್ನು ಬೇಗ ಮುಗಿಸಬೇಕು.

ನಮ್ಮದೇ ಕ್ಷೇತ್ರದಲ್ಲಿ ನನಗೆ ಬಹಳ ಮುಖ್ಯವೆನಿಸುವ ಪ್ರಸಂಗ ಇತಿಹಾಸಕಾರ್ತಿ ಸುಸಾನ್ ರೆವರ್ಬಿ ಅವರದು. ಅಮೆರಿಕದಲ್ಲಿ ಕಪ್ಪು ವರ್ಣೀಯ ರೋಗಿಗಳಿಗೆ ಚಿಕಿತ್ಸೆ ಕೊಡದೆ ನಡೆಸಿದ ಟಸ್ಕೀಗಿಯ ಸಿಫಿಲಿಸ್ ಅಧ್ಯಯನದ ಬಗ್ಗೆ ಕೆಲಸ ಮಾಡುತ್ತಿದ್ದಾಗ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪತ್ರಾಗಾರದಲ್ಲಿದ್ದ ಜಾನ್ ಕಟ್ಲರ್ ಎಂಬ ಅಮೆರಿಕ ಸರ್ಕಾರದ ವೈದ್ಯರ ಕಾಗದಪತ್ರಗಳಲ್ಲಿ ಅವರಿಗೆ ಬೇರೆಯದೇ ದಾಖಲೆ ಸಿಕ್ಕಿತು: 1946ರಿಂದ 1948ರವರೆಗೆ ಗ್ವಾಟೆಮಾಲಾದಲ್ಲಿ ಕೈದಿಗಳು, ಸೈನಿಕರು, ಮನೋರೋಗಿಗಳ ಮೇಲೆ ಅವರ ಒಪ್ಪಿಗೆಯಿಲ್ಲದೆ ಲೈಂಗಿಕ ರೋಗಗಳನ್ನು ಅಂಟಿಸಿ ನಡೆಸಿದ ಪ್ರಯೋಗಗಳು. ಅದನ್ನು ಅವರು 2010ರ ಮೇ ತಿಂಗಳಿನಲ್ಲಿ ಅಮೆರಿಕದ ವೈದ್ಯಕೀಯ ಇತಿಹಾಸ ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಮಂಡಿಸಿದರು. ಲೇಖನ ಅಚ್ಚಾಗುವ ಮೊದಲೇ ಕರಡನ್ನು ಸರ್ಕಾರದ ರೋಗನಿಯಂತ್ರಣ ಕೇಂದ್ರದ ನಿವೃತ್ತ ಮುಖ್ಯಸ್ಥರೊಬ್ಬರಿಗೆ ತೋರಿಸಿದರು, ಅವರು ಅದನ್ನು ಮೇಲಿನವರಿಗೆ ತಲುಪಿಸಿದರು. 2010ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಗ್ವಾಟೆಮಾಲಾದ ಕ್ಷಮೆ ಕೇಳಿತು. ಲೇಖನ ಅಚ್ಚಾದದ್ದು 2011ರ ಜನವರಿಯಲ್ಲಿ. ಅವರ ಶೋಧವನ್ನು ಯಾರೂ ಕದಿಯಲಿಲ್ಲ.

ಸಾರಲೇಖದಲ್ಲಿ ಕಡತದ ಸಂಖ್ಯೆಯನ್ನು ಬರೆಯದೆ ಪತ್ರಾಗಾರದ ಹೆಸರನ್ನಷ್ಟೇ ಬರೆಯುವ ಎಚ್ಚರಿಕೆ ಸಾಕು. ಎರಡನೆಯ ದರ್ಜೆಯದನ್ನು ಮಂಡಿಸಿದರೆ ಎರಡನೆಯ ದರ್ಜೆಯ ಸಲಹೆಗಳೇ ಸಿಗುತ್ತವೆ.

ಮೂರನೇ ಸಾಲು

ಪ್ರಶ್ನೋತ್ತರದ ಬಗ್ಗೆ ಬರೆಯಲು ಮರಳಿ ಬಂದೆ. ಮಿಶ್ರ ಸಭೆಯಲ್ಲಿ ಬರುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಪ್ರಶ್ನೆಯಾಗಿರುವುದಿಲ್ಲ. ನಿವೃತ್ತ ವೈದ್ಯರೊಬ್ಬರು ತಾವು ಕಂಡ ಹಳೆಯ ವಾರ್ಡಿನ ನೆನಪನ್ನು ಹೇಳುತ್ತಾರೆ. ಅದನ್ನು ಉಪೇಕ್ಷಿಸಬೇಡಿ. ಹಳೆಯ ರಿಜಿಸ್ಟರು ಕೈಯಾರೆ ತುಂಬಿದವರು ಈಗ ಅವರಷ್ಟೇ ಉಳಿದಿದ್ದಾರೆ. ‘ಫಲಿತಾಂಶದ ಅಂಕಣವನ್ನು ತಾವು ಯಾವಾಗ ತುಂಬುತ್ತಿದ್ದಿರಿ, ರೋಗಿ ಹೊರಟಾಗಲೋ ವಾರದ ಕೊನೆಗೋ?’ ಎಂದು ನೀವೇ ತಿರುಗಿ ಕೇಳಿ. ಪತ್ರಾಗಾರದಲ್ಲಿ ಸಿಗದ ಉತ್ತರ ಸಿಗಬಹುದು. ನಿಮ್ಮ ವಿಷಯಕ್ಕೆ ಹೊರಗಿನ ಪ್ರಶ್ನೆ ಬಂದರೆ ‘ಇದಕ್ಕೆ ನನ್ನ ಆಕರದಲ್ಲಿ ಉತ್ತರವಿಲ್ಲ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿ, ಸಮರ್ಥನೆ ಬೇಡ. ‘ಇದೇ ಮೊದಲು’ ಎಂಬ ಮಾತನ್ನು ಮಂಡನೆಯಿಂದ ಪೂರ್ತಿ ತೆಗೆದುಹಾಕಿ. ಆ ಪದ ಬಾಯಿಗೆ ಬಂದರೆ ಹತ್ತು ನಿಮಿಷವೂ ಅದರ ಜಗಳದಲ್ಲೇ ಮುಗಿಯುತ್ತದೆ.

ಜ್ವರಚರಿತೆ

ಸಾರಲೇಖದ ಪರಿಷ್ಕೃತ ಪಾಠವನ್ನು ಕಳುಹಿಸಲು ಸಂಘಟಕರು ಅವಕಾಶ ಕೊಟ್ಟಿದ್ದಾರೆ. ತಿದ್ದಿದ ನಮೂದುಗಳಲ್ಲಿ ಒಂದಷ್ಟನ್ನು ಮುಂದಿನ ಪುಟಗಳೊಂದಿಗೆ ಹೋಲಿಸಿ ನೋಡಿದೆ. ಕೆಲವು ಹೆಸರುಗಳು ಮರಳಿ ಬರುತ್ತವೆ, ಹೆಚ್ಚಿನವು ಬರುವುದಿಲ್ಲ. ಹಾಗಾಗಿ ಮರುಕಳಿಸುವಿಕೆ ಒಂದೇ ಕಾರಣವಲ್ಲ. ಹೊಸ ಪಾಠದ ಆರಂಭ ಹೀಗಿದೆ:

‘1870ರ ದಶಕದ ಆಸ್ಪತ್ರೆಯೊಂದರ ಒಳರೋಗಿಗಳ ರಿಜಿಸ್ಟರಿನಲ್ಲಿ ಜ್ವರದ ರೋಗಿಗಳ ಹೆಸರಿನ ಮುಂದೆ ಬರೆದಿದ್ದ “ಗುಣಮುಖ” ಎಂಬ ನಮೂದನ್ನು ಎರಡನೆಯ ವ್ಯಕ್ತಿಯೊಬ್ಬರು ಹೊಡೆದುಹಾಕಿ “ಉಪಶಮನ” ಎಂದು ತಿದ್ದಿದ್ದಾರೆ. ಈ ತಿದ್ದುಪಡಿಗಳಿಗೆ ಮೂರು ವಿವರಣೆಗಳನ್ನು ಪರೀಕ್ಷಿಸುವ ಈ ಪ್ರಬಂಧವು, 19ನೇ ಶತಮಾನದ ವೈದ್ಯಕೀಯದಲ್ಲಿ ಗುಣವಾಗುವುದೆಂದರೆ ಏನೆಂಬುದನ್ನು ಬಯಲುಮಾಡುತ್ತದೆ.’

ಅಡಿಟಿಪ್ಪಣಿ

ಮೊದಲ ವಾಕ್ಯವನ್ನು ಮುಟ್ಟಬೇಡಿ. ಎರಡನೆಯದರ ಕೊನೆ ಭಾರವಾಯಿತು. ಆಸ್ಪತ್ರೆ ಒಂದು, ದಶಕ ಒಂದು, ಕಾಯಿಲೆಯ ವರ್ಗ ಒಂದು. ಅಷ್ಟರಿಂದ 19ನೇ ಶತಮಾನದ ವೈದ್ಯಕೀಯ ಬಯಲಾಗುವುದಿಲ್ಲ. ‘ಈ ಆಸ್ಪತ್ರೆಯಲ್ಲಿ ಜ್ವರದ ರೋಗಿಯನ್ನು ಗುಣವಾದನೆಂದು ನಿರ್ಧರಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂದು ಕೇಳುತ್ತದೆ’ ಎಂದು ಬರೆಯಿರಿ. ಹಾಗೆಯೇ, ‘ಎರಡನೆಯ ವ್ಯಕ್ತಿ’ ಎಂಬುದು ಕೈಬರಹದ ಆಧಾರದ ಮೇಲಿನ ಅನುಮಾನವಾದ್ದರಿಂದ, ಅದನ್ನು ಹೇಗೆ ತೀರ್ಮಾನಿಸಿದಿರಿ ಎಂಬುದು ಮಂಡನೆಯಲ್ಲಿ ಒಂದು ನಿಮಿಷವಾದರೂ ಬರಬೇಕು.

ಕಡತಕಾವಲು

ಪತ್ರಾಗಾರಕ್ಕೆ ಅನುಮತಿಯ ಪತ್ರವನ್ನು ಈಗಲೇ ಬರೆಯಿರಿ, ಉತ್ತರ ಬರಲು ವಾರಗಟ್ಟಲೆ ಹಿಡಿಯುತ್ತದೆ. ರಿಜಿಸ್ಟರಿನ ಸಂಖ್ಯೆ, ಪುಟ, ಸಮ್ಮೇಳನದ ದಿನಾಂಕ, ನೇರಪ್ರಸಾರ ಇದೆಯೋ ಇಲ್ಲವೋ, ಹೆಸರಿನ ಅಂಕಣ ಮುಚ್ಚಿರುತ್ತೀರಿ ಎಂಬುದು, ಇಷ್ಟೂ ಅದರಲ್ಲಿರಲಿ. ತಿದ್ದುಪಡಿಯ ಸಾಲನ್ನು ಮೊಬೈಲಿನ ಬದಲು ಪತ್ರಾಗಾರದವರಿಂದಲೇ ಸ್ಕ್ಯಾನ್ ಮಾಡಿಸಿಕೊಳ್ಳಿ. ಎರಡು ಶಾಯಿಗಳ ವ್ಯತ್ಯಾಸ ತೆರೆಯ ಮೇಲೆ ಕಾಣಬೇಕಾದರೆ ಬಣ್ಣ ನಿಖರವಾಗಿರಬೇಕು.

ಜ್ವರಚರಿತೆ

ಸರಿ, ಎರಡನೆಯ ವಾಕ್ಯವನ್ನು ಬದಲಿಸಿದ್ದೇನೆ, ಪತ್ರವನ್ನೂ ಬರೆಯುತ್ತಿದ್ದೇನೆ. ಮಾಸಿಕ ತಃಖ್ತೆಗಳು ಬೇರೊಂದು ಶ್ರೇಣಿಯ ಕಡತಗಳಲ್ಲಿ ಇರುವಂತೆ ಸೂಚಿಪಟ್ಟಿಯಲ್ಲಿ ಕಾಣುತ್ತಿದೆ. ಸ್ಕ್ಯಾನ್ ಕೇಳುವ ಪತ್ರದಲ್ಲಿಯೇ ಅವನ್ನು ನೋಡಲು ಕೋರಿಕೆ ಸೇರಿಸುತ್ತೇನೆ.